ಆಮೆಯಾದ ಮೊರ

ನಾನೊಂದು ಮೊರ. ಮನೆಯ ಮಾತುಗಳನ್ನೆಲ್ಲ ಮೊರದಗಲ ಕಿವಿ ಮಾಡಿಕೊಂಡು ಕೇಳುವುದು ನನ್ನ ಹುಟ್ಟುಗುಣ. ಅದಕ್ಕೆ ಯಾರೂ ಬೇಸರಿಸಬಾರದು.

ನನ್ನನ್ನು ಹೆಣೆದವಳು ನಂಜನಗೂಡಿನ ಕಡೆಯ ಸಾಕಮ್ಮ ಎಂಬ ಮೇದರ ಹೆಂಗಸು. ಬಿದಿರು ಸೀಳಿ, ಮನೆಗೆ ಬಂದವರನ್ನೆಲ್ಲ ಬೈಯುತ್ತ, ಒಂದೇ ಬೆಳಗಿನಲ್ಲಿ ನನ್ನನ್ನೂ ನನ್ನ ತಂಗಿಯನ್ನೂ ಹೆಣೆದು ಮುಗಿಸಿದಳು. ಗೌರಿ ಹಬ್ಬದ ಬಾಗಿನಕ್ಕೆ ಒಂಟಿ ಮೊರ ಆಗದು. ಒಂದರಲ್ಲಿ ಬೇಳೆ, ಬೆಲ್ಲ, ಬಳೆ ತುಂಬಿ ಇನ್ನೊಂದನ್ನು ಮೇಲೆ ಮುಚ್ಚಬೇಕು. ಹಾಗೆ ನಾವಿಬ್ಬರೂ ಚಂದ್ರಕಲಾಳ ತವರಿನಿಂದ ಅವಳ ಗಂಡನ ಮನೆಗೆ ಬಂದೆವು. ಅವಳ ಅತ್ತೆ ದೇವೀರಮ್ಮ ನಮಗೆ ಮೆಂತ್ಯ ರುಬ್ಬಿ ಬಳಿದು, ಬಿಸಿಲಿಗೆ ಒಣಗಿಸಿ, ಅಡುಗೆಮನೆಯ ಮೊಳೆಗೆ ತೂಗುಹಾಕಿದರು. ದೇವೀರಮ್ಮ ಕೇರಲು ಕೂತರೆ ನುಚ್ಚು ಒಂದು ಕಡೆ, ಹೊಟ್ಟು ಒಂದು ಕಡೆ, ಊರ ಸುದ್ದಿ ಇನ್ನೊಂದು ಕಡೆ.

ಚಂದ್ರಕಲಾಳಿಗೆ ಗಂಡು ಮಗು ಹುಟ್ಟಿದಾಗ ನನ್ನಲ್ಲಿ ಅಕ್ಕಿ ಹರಡಿ, ಮೇಲೆ ಹಳೆಯ ಸೀರೆ ಹಾಸಿ, ಅವನನ್ನು ಮಲಗಿಸಿದರು. ಲಿಖಿತ್ ಎಂದು ಹೆಸರಿಟ್ಟರು. ಅಂದಿನಿಂದ ಅವನು ನನ್ನವನೆಂದೇ ನನ್ನ ಲೆಕ್ಕ.

ಎರಡು ವರ್ಷ ತುಂಬುತ್ತ ಬಂದರೂ ಲಿಖಿತ್ ನಡೆಯಲಿಲ್ಲ. ಅಂಬೆಗಾಲಿನಲ್ಲೇ ಮನೆಯೆಲ್ಲ ಸುತ್ತುತ್ತಿದ್ದ. ಕಾಲಿಗೆ ಬಲ ಬರುವುದು ನಿಧಾನ, ವ್ಯಾಯಾಮ ಮಾಡಿಸುತ್ತಿರಿ, ನಡೆದೇ ನಡೆಯುತ್ತಾನೆ ಎಂದು ಡಾಕ್ಟರು ಹೇಳಿದ್ದರು. ಆದರೆ ಡಾಕ್ಟರ ಮಾತು ನೆಂಟರಿಗೆ ಸಾಲಬೇಕಲ್ಲ! ಮಗುವಿನ ಸೋದರತ್ತೆ ಸುಂದ್ರಮ್ಮ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ, ಇನ್ನೂ ನಡೆದಿಲ್ಲವೇ ಎಂದು ಕೇಳುತ್ತಿದ್ದರು. ಅವರ ಮಗಳು ಒಂಬತ್ತನೇ ತಿಂಗಳಿಗೇ ಓಡಿದ್ದಳಂತೆ. ಅವರು ಹೋದ ಮೇಲೆ ಚಂದ್ರಕಲಾ ನನ್ನಲ್ಲಿ ಅಕ್ಕಿ ಹಾಕಿಕೊಂಡು, ಇಲ್ಲದ ಕಲ್ಲು ಹುಡುಕುತ್ತ ಅಳುತ್ತಿದ್ದಳು. ನನಗೂ ಸಂಕಟವಾಗುತ್ತಿತ್ತು.

ಎರಡನೇ ಹುಟ್ಟುಹಬ್ಬದ ಹಿಂದಿನ ದಿನ ಚಂದ್ರಕಲಾ ಮಗುವಿಗೆ ವೇಷ ಕಟ್ಟಲೆಂದು ಹಸಿರು ಟೋಪಿ, ಹಸಿರು ಕಾಲುಚೀಲ, ಕಣ್ಣಿಗೆಂದು ಎರಡು ಕರಿ ಗುಂಡಿ ಹರಡಿಕೊಂಡು ಕೂತಳು. ಆಮೇಲೆ ನನ್ನನ್ನು ಇಳಿಸಿದಳು. ಆನೆಯ ಕಿವಿ ಮಾಡುತ್ತಾಳೆಂದು ನಾನು ಹಿಗ್ಗಿದೆ. ಮೊರಕ್ಕೆ ಅದಕ್ಕಿಂತ ದೊಡ್ಡ ಕನಸಿಲ್ಲ. ಅವಳು ನನ್ನನ್ನು ಬೋರಲು ಹಾಕಿ ಮಗುವಿನ ಬೆನ್ನ ಮೇಲಿಟ್ಟು ನೋಡಿದಳು. ಆಮೆಯ ಚಿಪ್ಪು! ದೇವೀರಮ್ಮನ ಮುಖ ಗಂಟಾಯಿತು.

“ಮೊರ ಅಂದ್ರೆ ಲಕ್ಷ್ಮಿ ಕನವ್ವ. ಅದ ತೂತು ಮಾಡಿ ಕೂಸಿನ ಬೆನ್ನಿಗೆ ಕಟ್ಟೀಯಾ?”

“ನಾಳೆ ಬರೋರೆಲ್ಲ ಕೇಳೋದು ಒಂದೇ ಮಾತು, ಅತ್ತೆ. ಆಮೆನ ಯಾರೂ ಯಾಕೆ ಎದ್ದು ನಡೆಯಲ್ಲ ಅಂತ ಕೇಳಲ್ಲ. ಒಂದು ದಿನ, ಒಂದೇ ದಿನ ಅವನು ಮಾಡೋದೇ ಸರಿ ಅಂತ ಆಗ್ಲಿ.”

ದೇವೀರಮ್ಮ ಒಲೆಯ ಹತ್ತಿರ ಹೋಗಿ ಕಂಬಿ ಕಾಯಿಸಿ ತಂದು, ನನ್ನ ಮೈಗೆ ತಾವೇ ತೂತು ಕೊರೆದರು. ಉರಿಯಿತು, ಸುಳ್ಳು ಹೇಳುವುದಿಲ್ಲ. ಚಂದ್ರಕಲಾ ಸೀರೆಯಂಚಿನ ಪಟ್ಟಿ ಪೋಣಿಸಿ, ಒಳಗೆ ಮೆತ್ತನೆಯ ಬಟ್ಟೆ ಹೊಲಿದಳು. ಕಿಟಕಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಬಳಿದದ್ದಾಯಿತು. ಅದು ಒಣಗಿದ ಮೇಲೆ ದೇವೀರಮ್ಮ ಬೆರಳಲ್ಲಿ ಸುಣ್ಣ ಅದ್ದಿ, ರಂಗೋಲಿ ಎಳೆದ ಹಾಗೆ ಚಿಪ್ಪಿನ ಮನೆಗಳನ್ನು ಬರೆದರು.

ಮರುದಿನ ಸಂಜೆ ಹಜಾರದ ತುಂಬ ನೆಂಟರು. ಲಿಖಿತ್ ನನ್ನನ್ನು ಹೊತ್ತು ಒಳಕೋಣೆಯಿಂದ ಅಂಬೆಗಾಲಿಟ್ಟು ಬಂದ. ಹೊಸ್ತಿಲು ದಾಟಿ ಅಷ್ಟೊಂದು ಕಾಲುಗಳನ್ನು ಕಂಡವನೇ ಮುಂದೆ ಸರಿಯದೆ ಅಲ್ಲೇ ಉಳಿದ. ತಲೆ ತಗ್ಗಿಸಿದ. ಅವನ ಎದೆ ಡವಡವ ಹೊಡೆದುಕೊಳ್ಳುತ್ತಿದ್ದುದು ನನಗೆ ತಿಳಿಯುತ್ತಿತ್ತು. ಸುಂದ್ರಮ್ಮ ಕುರ್ಚಿಯಿಂದ ಬಗ್ಗಿ ನೋಡಿದರು.

“ವೇಸ ಏನೋ ಚೆಂದಾಗದೆ. ಆದ್ರೂ ಎರಡು ತುಂಬ್ತಲ್ಲ, ಇನ್ನೂವೆ…”

ಚಂದ್ರಕಲಾಳ ಮುಖ ಬಾಡಿಹೋಯಿತು. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದುಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ದೇವೀರಮ್ಮ ಬಂದರು. ಕೈಯಲ್ಲಿ ನನ್ನ ತಂಗಿ ಇದ್ದಳು. ಈಚೆಗೆ ಕಾಲುನೋವಿನಿಂದ ಪೂಜೆಗೂ ನೆಲದ ಮೇಲೆ ಕೂರಲಾರದ ಆ ಹೆಂಗಸು, ಗೋಡೆ ಹಿಡಿದು ಮೊಣಕಾಲೂರಿ, ಮೊರವನ್ನು ಬೆನ್ನ ಮೇಲೆ ಎಳೆದುಕೊಂಡು, ಮೊಮ್ಮಗನ ಪಕ್ಕಕ್ಕೆ ಅಂಬೆಗಾಲಿಟ್ಟರು.

“ಬಾ ಕೂಸೆ, ನಾವಿಬ್ರೂ ಹೋಗುವ. ಎದ್ದು ನಡೆದೋರು ಏನು ಕಡಿದು ಕಟ್ಟೆ ಹಾಕವ್ರೆ ಅಂತ ನಾನೂ ನೋಡಿವ್ನಿ.”

ಲಿಖಿತ್ ತಲೆಯೆತ್ತಿ ಅಜ್ಜಿಯನ್ನು ನೋಡಿದ. ನಕ್ಕ. ಎರಡು ಆಮೆಗಳು ಹಜಾರದ ನಡುವೆ ಹೊರಟವು. ಹಿಂದೆಯೇ ಮಕ್ಕಳೆಲ್ಲ ನೆಲಕ್ಕಿಳಿದರು. ಒಂಬತ್ತನೇ ತಿಂಗಳಿಗೇ ಓಡಿದ್ದ ಹುಡುಗಿಯೇ ಎಲ್ಲರಿಗಿಂತ ಮೊದಲು. ಸುಂದ್ರಮ್ಮ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಕೇಕನ್ನು ಮೇಜಿನಿಂದ ಇಳಿಸಿ ನೆಲದ ಮೇಲಿಟ್ಟು ಕತ್ತರಿಸಿದರು.

ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಕೇಳುವವರಿಲ್ಲದ್ದರಿಂದ ಲಿಖಿತ್ ಯಾವತ್ತು ನಡೆದ ಎಂದು ಯಾರೂ ಗುರುತಿಟ್ಟುಕೊಳ್ಳಲಿಲ್ಲ. ದಸರೆಗೆ ಮುಂಚೆ ಎಂದು ಚಂದ್ರಕಲಾ, ದಸರೆ ಕಳೆದ ಮೇಲೆ ಎಂದು ದೇವೀರಮ್ಮ.

ತೂತುಬಿದ್ದ ನನ್ನಲ್ಲಿ ಅಕ್ಕಿ ನಿಲ್ಲದು. ಕೆಲಸವೆಲ್ಲ ತಂಗಿಯ ಪಾಲಾಯಿತು. ಬಣ್ಣ ಉದುರಿ, ಅಂಚು ಸಡಿಲಗೊಂಡು, ನಾನು ಅದೇ ಮೊಳೆಯಲ್ಲಿದ್ದೇನೆ. ಒಲೆಗೆ ಹಾಕಬಾರದೇ ಎಂದು ಬಂದವರು ಹೇಳುವುದುಂಟು. ಈ ಮನೆಯವರು ಹಾಕುವುದಿಲ್ಲ.

ಲಿಖಿತ್ ಈಗ ಸ್ಕೂಲಿಗೆ ಹೋಗುತ್ತಾನೆ. ದೇವೀರಮ್ಮನ ಮೊಣಕಾಲು ಪೂರ್ತಿ ಸೋತಿವೆ; ನೆಲದ ಮೇಲೆ ಕೈಯೂರಿ ಸರಿಯುತ್ತಲೇ ಓಡಾಡುತ್ತಾರೆ. ಮೊನ್ನೆ ಹಬ್ಬಕ್ಕೆ ನೆಂಟರು ಬಂದಿದ್ದರು. ಅವರೆದುರು ಹಾಗೆ ಹೋಗಲು ನಾಚಿ ದೇವೀರಮ್ಮ ಹೊಸ್ತಿಲಲ್ಲೇ ಕೂತುಬಿಟ್ಟರು. ಲಿಖಿತ್ ಅದನ್ನು ನೋಡಿದ. ಸ್ಟೂಲು ಹತ್ತಿ ನನ್ನನ್ನು ಮೊಳೆಯಿಂದ ತೆಗೆದ. ನನ್ನ ಪಟ್ಟಿಗಳು ಅವನ ಹೆಗಲಿಗೆ ಸಾಲಲಿಲ್ಲ. ಒಂದು ಕೈಯಲ್ಲಿ ನನ್ನನ್ನು ಬೆನ್ನಿಗೆ ಒತ್ತಿ ಹಿಡಿದು ಅಜ್ಜಿಯ ಪಕ್ಕ ಮೊಣಕಾಲೂರಿದ.

“ಬಾ ಅಜ್ಜಿ, ನಾವಿಬ್ರೂ ಹೋಗುವ” ಅಂದ.