ಖಾತುನಬಿಯ ಬುಟ್ಟಿ

ಸಾವಾದ ಮನೆಗೆ ಖಾತುನಬಿ ಅದೇ ದಿನ ಹೋಗುತ್ತಿರಲಿಲ್ಲ. ಅಣ್ಣಿಗೇರಿಯ ನಮ್ಮ ಓಣಿಗೆ ಓಣಿಯೇ ರೊಟ್ಟಿಯ ಗಂಟು ಹಿಡಿದು ಮಾತಾಡಿಸಿಕೊಂಡು ಬರಲು ಹೋಗಿ, ಮನೆಯವರಿಗಿಂತ ಗಟ್ಟಿಯಾಗಿ ಅತ್ತು, ದೈವೇಚ್ಛೆ ಎಂದು ಹೇಳಿ ಮರಳುತ್ತಿದ್ದಾಗ, ಆಕೆ ತನ್ನ ಕಟ್ಟೆಯ ಮೇಲೆ ಕುಳಿತು ಕೂಲಿಗೆ ತಂದ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಆಕೆ ಹೋಗುತ್ತಿದ್ದುದು ಇಪ್ಪತ್ತು ದಿನದ ಮೇಲೆ, ಬರುವವರೆಲ್ಲ ಬಂದು ಮುಗಿದ ಮೇಲೆ. ತೀರಿಹೋದ ಗಂಡ ದಾವೂದಸಾಬನ ಕರಿ ಕೋಟು ಸೀರೆಯ ಮೇಲೆ, ಮೆಣಸಿನಕಾಯಿ ಬುಟ್ಟಿ ತಲೆಯ ಮೇಲೆ, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ.

"ಸತ್ತಾಗ ಮುಖಾ ತೋರಸೂದಿಲ್ಲ, ಈಗ ಬುಟ್ಟಿ ಹೊತ್ತ ಹೊಂಟಾಳ ನೋಡ್ರಿ," ಎಂದು ನೆರೆಮನೆಯ ಫಕೀರವ್ವ ನಳದ ಹತ್ತಿರ ನಗುತ್ತಿದ್ದಳು. "ಅಳಾವ್ರ ಕೈಲೆ ಪುಕ್ಕಟೆ ದುಡಿಸ್ಕೋಳೂ ಹಿಕಮತ್ತ ಇದು."

ನಾನೂ ನಕ್ಕವಳೇ. ಎಂಬತ್ತೆರಡನೆಯ ಇಸವಿಯಲ್ಲಿ ನಮ್ಮ ಯಜಮಾನರು ತೀರಿಕೊಂಡ ಇಪ್ಪತ್ತನೆಯ ದಿನ ಆಕೆ ನಮ್ಮ ಪಡಸಾಲೆಯಲ್ಲಿ ಬುಟ್ಟಿ ಇಳಿಸಿದಳು.

"ಅಕ್ಕಾರ, ನನಗ ಕೈ ಸಾಲವಲ್ದು. ಒಂದೀಟ ತೊಟ್ಟ ಮುರದ ಕೊಡ್ರಿ. ಅಷ್ಟ."

ಯಾವ ಮಾತಾಡಿದರೂ ಕೊನೆಗೆ ಈ 'ಅಷ್ಟ' ಬರುತ್ತಿತ್ತು. ಸಿಟ್ಟು ಬಂದರೂ ಕುಳಿತೆ. ಘಾಟಿಗೆ ಕಣ್ಣು ಸುರಿಯತೊಡಗಿತು. ಮೆಣಸಿನಕಾಯಿ ಮುರಿಯುವವಳ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ, ಸಾಕು ಮಾಡು ಎನ್ನುವುದೂ ಇಲ್ಲ. ಬಂದವರೆಲ್ಲ ನನಗೆ ಹೇಳಿದ್ದು ಸಾಕು ಮಾಡು ಎಂಬ ಅದೊಂದನ್ನೇ. ಆಕೆ ತೊಟ್ಟು ಮುರಿಯುತ್ತಲೇ ಇದ್ದಳು. ಯಜಮಾನರು ಮೂಗಿನ ಮೇಲೆಯೇ ಇದ್ದ ಚಷ್ಮಾವನ್ನು ಮನೆಯೆಲ್ಲ ಹುಡುಕುತ್ತಿದ್ದುದನ್ನು ನಾನು ನಾಲ್ಕು ಸಲ ಹೇಳಿರಬೇಕು. ನಾಲ್ಕು ಸಲವೂ ಹೊಸದೆಂಬಂತೆ ಕೇಳಿದಳು. ಎಂಟು ದಿನ ಹಾಗೆ ಬಂದಳು.

ಎಂಬತ್ತಾರರಲ್ಲಿ ಆಕೆಯ ಒಬ್ಬಳೇ ಮಗಳು ಶಹನಾಜ ತಂಬೂರ ಎಂಬ ಊರಿನ ಗಂಡನ ಮನೆಯಲ್ಲಿ ಹೆರಿಗೆಯಾಗದೆ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಎಲ್ಲರೂ ರೊಟ್ಟಿ ಒಯ್ದೆವು, ದೈವೇಚ್ಛೆ ಎಂದೆವು. "ಆಕಿಗೇನ ಹೇಳೂದ್ರಿ, ಅಗದಿ ಗಟ್ಟಿ ಹೆಣ್ಮಗಳು," ಎಂದಳು ಫಕೀರವ್ವ. ನಾನು ಹೌದೆಂದೆ. ಆಮೇಲೆ ಯಾರೂ ಆ ಕಟ್ಟೆ ಹತ್ತಲಿಲ್ಲ.

ತಿಂಗಳಾಗುತ್ತ ಬಂದಿತ್ತು. ಸೋಮವಾರ ಬೆಳಿಗ್ಗೆ ನಾನು ಪೂಜೆಗೆ ಕುಳಿತಿದ್ದಾಗ ಬಾಗಿಲಲ್ಲಿ ಖಾತುನಬಿ ನಿಂತಿದ್ದಳು.

"ಅಕ್ಕಾರ, ಒಂದೀಟ ತೊಟ್ಟ ಮುರಿಯೂಣು ಬರ್ರಿ."

"ಪೂಜಿ ನಡದೈತಿ. ನಾಳೆ ಬಾ, ಖಾತುನಬಿ."

"ಆತ್ರಿ."

ಅಷ್ಟ ಎನ್ನಲಿಲ್ಲ. ಬಾಗಿಲು ತಾಗದಂತೆ ತಲೆ ಬಗ್ಗಿಸಿ ಹೊರಟಾಗ ಬುಟ್ಟಿಯೊಳಗಿನದು ನನ್ನ ಕಣ್ಣಿಗೆ ಬಿತ್ತು. ಅದರಲ್ಲಿದ್ದ ಒಂದು ಕಾಯಿಗೂ ತೊಟ್ಟು ಇರಲಿಲ್ಲ. ನೋಡಿದೆ, ನೋಡಿ ವಿಭೂತಿಗೆ ಕೈ ಹಾಕಿದೆ. ಆರತಿ ಎತ್ತುವಾಗ ಅರ್ಥವಾಯಿತು. ಆದರೂ ಆರತಿ ಮುಗಿಸಿಯೇ ಎದ್ದೆ.

"ನಮ್ಮನಿಗೂ ಬಂದಿದ್ಲರಿ," ಎಂದಳು ದಾರಿಯಲ್ಲಿ ಸಿಕ್ಕ ಫಕೀರವ್ವ. "ನನಗ ಸೀನ ಬರತಾವು, ಮುಂದಿನ ಮನಿಗೆ ಹೋಗ ಅಂದೆ."

ನಾನು ಹೋಗುವಷ್ಟರಲ್ಲಿ ಖಾತುನಬಿ ಬುಟ್ಟಿಯನ್ನು ಚೀಲಕ್ಕೆ ಸುರುವಿ ಬಾಯಿ ಹೊಲಿಯುತ್ತಿದ್ದಳು. ಕೋಟು ಗೂಟದ ಮೇಲಿತ್ತು.

"ಕೊಡವಾ, ನಾ ಮುರೀತೇನಿ," ಎಂದೆ.

"ಎಲ್ಲಾ ಮುಗದಾವ್ರಿ, ಅಕ್ಕಾರ. ಅಷ್ಟ."

ಕುಡಿಯಲು ನೀರು ಕೊಟ್ಟಳು. ನನ್ನ ಮೊಣಕಾಲಿನ ನೋವು ಹೇಗಿದೆ ಎಂದು ಕೇಳಿದಳು. ಮಗಳ ಹೆಸರು ಆಕೆಯ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ಬದುಕಿದ್ದ ಮುಂದಿನ ಮೂರು ವರ್ಷವೂ ಆಕೆ ಸಾವಾದ ಮನೆಗಳಿಗೆ ಇಪ್ಪತ್ತನೆಯ ದಿನ ತಪ್ಪದೆ ಹೋದಳು; ಬುಟ್ಟಿಯಲ್ಲಿ ಮತ್ತೆ ಮೊದಲಿನಂತೆ ತೊಟ್ಟು ಇರುವ ಕಾಯಿಗಳೇ ಇರುತ್ತಿದ್ದವು.

ಇಂಥವರು ಒಂದೊಂದು ಓಣಿಗೆ ಒಬ್ಬೊಬ್ಬರು ಇರುತ್ತಾರೆ. ಅವರ ಮುಂದೆ ಅತ್ತು ಹಗುರಾಗುವ ನಾವು, ನಮಗೆ ಅನುಕೂಲವೆಂದು ಅವರನ್ನು ಗಟ್ಟಿಯವರು ಎನ್ನುತ್ತೇವೆ. ಬೇರೆಯವರ ದುಃಖದ ಬಳಿ ಕೆಲಸದ ನೆಪ ಹೂಡಿ ಹೋಗಿ ಅಭ್ಯಾಸವಾದವರಿಗೆ ತಮ್ಮ ದುಃಖ ಹೊತ್ತು ಬರಲೂ ಆ ನೆಪವೊಂದೇ ಗೊತ್ತು. ನಾವು ಅದನ್ನು ಬರೀ ಕೆಲಸವೆಂದು ನಂಬಿ ನಾಳೆ ಬಾ ಎನ್ನುತ್ತೇವೆ. ನನಗೆ ತಿಳಿಯಲಿಲ್ಲ ಎಂದು ಈಗಲೂ ಪ್ರತಿ ಸೋಮವಾರ ದೇವರ ಮುಂದೆ ಹೇಳಿಕೊಳ್ಳುತ್ತೇನೆ. ಆ ದಿನ ಬುಟ್ಟಿಯನ್ನು ಅವನೂ ನೋಡಿದ್ದಾನೆ.