ಕತ್ತಿ ಹಿಡಿದ ಕೈ ನಡುಗಿದಾಗ

ನಮ್ಮ ಬೀದಿಯ ಕಟಿಂಗ್ ಅಂಗಡಿಯ ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ಮಾತ್ರೆ ತಪ್ಪಿಸುವವನಲ್ಲ, ಪಾಪ. ಆದರೆ ಭಾನುವಾರ ಅಂಗಡಿಯ ಬೆಂಚು ತುಂಬಿತೆಂದರೆ ಮಾತ್ರೆ ನುಂಗಿ ತಿಂಡಿಯನ್ನು ಮುಂದೂಡುತ್ತಿದ್ದ. ಇವರೊಬ್ಬರದು ಮುಗಿಸಿ ತಿನ್ನುತ್ತೇನೆ ಎನ್ನುತ್ತಲೇ ಮಧ್ಯಾಹ್ನ ಮಾಡುತ್ತಿದ್ದ.

ಆ ಭಾನುವಾರ ಕುರ್ಚಿಯಲ್ಲಿದ್ದವರು ಅವನಿಗೆ ಹೆಣ್ಣು ಕೊಟ್ಟ ಮಾವ. ನೊರೆ ಹಚ್ಚಿ ಕತ್ತಿಯನ್ನು ಗಂಟಲ ಹತ್ತಿರ ತಂದಾಗ ಅಣ್ಣನ ಕೈ ನಡುಗಿತು. ಮೈಯೆಲ್ಲ ಬೆವರು, ಕಣ್ಣು ಮಂಜುಮಂಜು. ಸಕ್ಕರೆ ಏರಿರಬೇಕೆಂದು ತಾನೇ ತೀರ್ಮಾನಿಸಿ, ಇನ್ನೊಂದು ಮಾತ್ರೆಗಾಗಿ ಜೇಬು ತಡಕಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಅವನು.

ಪುಣ್ಯಕ್ಕೆ, ಬೆಂಚಿನಲ್ಲಿ ಕೂತಿದ್ದ ತನ್ನ ಗಂಡನನ್ನು ಕರೆಯಲು ಪಕ್ಕದ ಮನೆಯ ನರ್ಸಕ್ಕ ಬಂದಿದ್ದಳು.

"ಮಾತ್ರೆ ಕೆಳಗಿಡಣ್ಣ. ತಿಂಡಿ ತಿಂದ್ಯಾ?"

"ಇಲ್ಲಕ್ಕ. ತಿಂದ್ರೆ ಸಕ್ಕರೆ ಇನ್ನೂ ಏರಲ್ವಾ?"

"ಏರಿಲ್ಲ, ಇಳಿದಿರೋ ಹಾಗಿದೆ. ಇನ್ನೊಂದು ನುಂಗಿದ್ರೆ ಇಲ್ಲೇ ಬೀಳ್ತೀಯ."

ಎದುರಿನ ಟೀ ಅಂಗಡಿಯಿಂದ ಸಕ್ಕರೆ ತರಿಸಿ, ನಾಲ್ಕು ಚಮಚದಷ್ಟನ್ನು ನೀರಿನಲ್ಲಿ ಕಲಸಿ ಕುಡಿಸಿದಳು. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆಯೇ ಎಂದು ಮಾವನವರು ನೊರೆಗಡ್ಡದಲ್ಲೇ ತಕರಾರು ತೆಗೆದರು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣನ ಕೈ ತಹಬಂದಿಗೆ ಬಂತು. ಆಮೇಲೆ ತಿಂಡಿ ತಿನ್ನಿಸಿದಳು. ಅವನ ಕಣ್ಣು ಮಾತ್ರ ಮಾವನ ಗಂಟಲ ಮೇಲೇ ಇತ್ತು. ಏನಾಗಿಬಿಡುತ್ತಿತ್ತು ಎಂದು ನೆನೆದು ಅತ್ತೇಬಿಟ್ಟ.

ಈ ಮಾತ್ರೆ ಸಕ್ಕರೆ ಇಳಿಸುತ್ತದೆ, ಹೊಟ್ಟೆ ಖಾಲಿಯಿದ್ದರೆ ಅತಿಯಾಗಿ ಇಳಿಸುತ್ತದೆ ಎಂದು ಅಕ್ಕ ತಿಳಿಹೇಳಿದಳು. ಹಾಗಾದರೆ ಮಾತ್ರೆಯ ಸಹವಾಸವೇ ಬೇಡ ಎಂದ ಅಣ್ಣ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಣ್ಣ? ಮಾತ್ರೆ ಬಿಟ್ರೆ ಸಕ್ಕರೆ ಏರುತ್ತೆ. ಕಣ್ಣು, ಕಿಡ್ನಿ ಹಾಳಾಗುತ್ತೆ. ಕಣ್ಣು ಕಾಣದೆ ಕತ್ತಿ ಹಿಡೀತೀಯಾ?"

ಅಣ್ಣ ಮಾತ್ರೆಯನ್ನು ಮತ್ತೆ ಜೇಬಿಗೆ ಸೇರಿಸಿದ. ಮರುದಿನ ಹೆಂಡತಿಯೇ ಅವನನ್ನು ಡಾಕ್ಟರ ಬಳಿ ಕರೆದೊಯ್ದಳು. ಅವರು ರಕ್ತ ಪರೀಕ್ಷಿಸಿ, ಮಾತ್ರೆಯ ಪ್ರಮಾಣ ಸರಿಪಡಿಸಿ, ಹೊತ್ತಿಗೆ ಸರಿಯಾಗಿ ಊಟ ಮಾಡೆಂದರು. ಈಗ ಭಾನುವಾರ ಅಣ್ಣನ ತಿಂಡಿಯಾದ ಮೇಲೇ ಅಂಗಡಿ ತೆರೆಯುವುದು. ಗಿರಾಕಿಗಳು ಗೊಣಗಿದರೆ ಮಾವನವರೇ ಗದರುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸಕ್ಕರೆ ಏರುವುದೂ ಅಪಾಯ, ಇಳಿಯುವುದೂ ಅಪಾಯ. ಮಾತ್ರೆಯನ್ನಾಗಲೀ ಇನ್ಸುಲಿನ್ನನ್ನಾಗಲೀ ನಿಮ್ಮಷ್ಟಕ್ಕೇ ಬಿಡಬೇಡಿ, ಹೆಚ್ಚಿಸಬೇಡಿ. ನಡುಕ, ಬೆವರು, ತಡೆಯದ ಹಸಿವು ಕಂಡರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ, ಆಮೇಲೆ ಡಾಕ್ಟರಿಗೆ ತಿಳಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಕೆಲಸ ಕಾಯುತ್ತದೆ, ನುಂಗಿದ ಮಾತ್ರೆ ಕಾಯುವುದಿಲ್ಲ. ಇವತ್ತು ಹೊತ್ತಿಗೆ ಸರಿಯಾಗಿ ಉಂಡಿರಾ?