ಕೆಂಪು ಟೇಪಿನ ಗಿಡ್ಡ ತುದಿ

ಟೇಪಿನ ತುದಿ ಅಲ್ಲಾಡಿತು, ಕಿಟಕಿಯ ಗಾಳಿಗೋ, ಅವಳು ನಕ್ಕಿದ್ದಕ್ಕೋ, ಹಿಂದಿನಿಂದ ಗೊತ್ತಾಗುವುದಿಲ್ಲ, ನನಗೆ ಕಾಣುವುದು ಚಿನ್ನುವಿನ ಬೆನ್ನು ಮಾತ್ರ, ಬೆನ್ನ ಮೇಲೆ ಬೆಳಿಗ್ಗೆ ನಾನೇ ಹಾಕಿದ ಜಡೆ, ಇಸ್ಕೂಲಿಗೆ ಎರಡು, ಭಾನುವಾರಕ್ಕೆ ಒಂದು, ಕೊನೆಯಲ್ಲಿ ಕೆಂಪು ಟೇಪು, ಅದರಾಚೆ ತಾಜಕ್ಕನ ಟಿವಿ, ಟಿವಿಯೊಳಗೂ ಒಂದು ಹುಡುಗಿ, ಅವಳಿಗೂ ಟೇಪು, ಆದರೆ ಕಪ್ಪುಬಿಳುಪಿನ ಪೆಟ್ಟಿಗೆಯಲ್ಲಿ ಅದು ಬೂದಿ ಬಣ್ಣ, ನಮ್ಮದು ಕೆಂಪು, ಅಲ್ಲೂ ನಮ್ಮದೇ ಒಂದು ಕೈ ಮೇಲು. ಜಪಾನಿನದಂತೆ, ಬರೆದ ಚಿತ್ರಗಳೇ ಎದ್ದು ಓಡಾಡುತ್ತವೆ, ಮುಖದಲ್ಲಿ ಅರ್ಧ ಕಣ್ಣೇ, ಅತ್ತರೆ ಕಣ್ಣೀರು ಗೋಲಿಯಷ್ಟು ದಪ್ಪ, ಮಾತು ಮಾತ್ರ ಹಿಂದಿ. ನಮ್ಮ ಬೀದಿಯಲ್ಲಿ ಹಿಂದಿ ಯಾರಿಗೆ ಬರುತ್ತದೆ, ಉರ್ದು ಮನೆಮಾತಿನ ತಾಜಕ್ಕನಿಗೆ, ಅದಕ್ಕೇ ಆಕೆ ಮಡಿಲಿಗೆ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಾ ಸುಲಿಯುತ್ತಾ ಕೂತ ಹದಿನೈದು ಜನಕ್ಕೂ ಕನ್ನಡದಲ್ಲಿ ಹೇಳುತ್ತಾಳೆ — ಇನ್ನೊಬ್ಬನಿಗೂ ಬರುತ್ತದೆ, ನನಗೆ, ಆಕೆಯ ಗಂಡ ಖಲಂದರನ ಜೊತೆ ಪಾಂಡವಪುರದ ಬೆಲ್ಲ ಹೇರಿಕೊಂಡು ಒಂಬತ್ತು ವರ್ಷ ಸೊಲ್ಲಾಪುರಕ್ಕೆ ಲಾರಿ ಓಡಿಸಿದವನು ನಾನು, ಆದರೆ ಆಕೆಯ ಮನೆ, ಆಕೆಯ ಟಿವಿ, ಆಕೆಯ ದರ್ಬಾರು, ನಾನು ಬಾಯಿ ಹಾಕುವುದಿಲ್ಲ. ಕಥೆ ದೊಡ್ಡದೇನಲ್ಲ, ದೋಣಿಗೆ ಬಣ್ಣ ಬಳಿಯುವ ಒಬ್ಬ ಒಂಟಿ ಗಂಡಸು, ಸತ್ತ ಗೆಳೆಯನ ಮಗಳು ಒಂದು ದಿನ ಕೊಡೆ ಹಿಡಿದು ಬಂದು ಅವನ ಬಾಗಿಲಲ್ಲಿ ನಿಲ್ಲುತ್ತಾಳೆ, ಅವನಿಗೆ ಅನ್ನ ಮಾಡಲು ಬಾರದು, ತಲೆ ಬಾಚಲು ಬಾರದು, ಜ್ವರ ಬಂದರೆ ಹಣೆ ಮುಟ್ಟಿ ನೋಡಬೇಕೆಂದೂ ತಿಳಿಯದು, ಆದರೂ ಇಟ್ಟುಕೊಳ್ಳುತ್ತಾನೆ. ಪಕ್ಕದ ಮನೆಯ ತಮ್ಮಯ್ಯನಂತೂ ಟಿವಿಯೊಂದಿಗೇ ಮಾತಾಡುತ್ತಾನೆ, ಲೇ ಅನ್ನ ಸೀಯ್ತಾ ಅದೆ ಕಣ್ಲಾ, ಒಲೆ ಆರ್ಸ್ಲಾ ಮೊದ್ಲು. ಮೂರು ತಿಂಗಳ ಹಿಂದೆ ಆ ಗಂಡಸು ಮೊದಲ ಸಲ ಹುಡುಗಿಯ ತಲೆ ಬಾಚಿ ಬಾಚಣಿಗೆ ಸಿಕ್ಕಿಹಾಕಿಸಿಕೊಂಡಾಗ ಮನೆಗೆ ಮನೆಯೇ ತಿರುಗಿ ನನ್ನನ್ನು ನೋಡಿತು, ನಮ್ ಪುಟ್ಟಸ್ವಾಮಿ ಕಣ್ರೋ ಇದು ಎಂದ ತಮ್ಮಯ್ಯ, ಎಲ್ಲರೂ ನಕ್ಕರು, ನಾನೂ ನಕ್ಕೆ, ಒಳಗೊಳಗೆ ಅಂದುಕೊಂಡೆ, ಅವನಿಗೆ ಬರುವುದಿಲ್ಲ, ನನಗೆ ಬರುತ್ತದೆ.

ಬರುತ್ತದೆ ಅಂದರೆ ಹುಟ್ಟುತ್ತಲೇ ಬಂತೇ, ತಂಗಿ ಮಾಯಮ್ಮ ಕಾಮಾಲೆಯಲ್ಲಿ ಹೋದಾಗ ಅವಳ ಮಗಳು ಈ ಚಿನ್ನುವಿಗೆ ಹನ್ನೊಂದು ತಿಂಗಳು, ತಂಗಿಯ ಗಂಡ ನಿಂಗರಾಜು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟ, ಒಂದ್ ತಿಂಗ್ಳು ಇಟ್ಕಂಡಿರು ಭಾವ, ಆಮ್ಯಾಕೆ ಬಂದು ಕರ್ಕಂಡೋಯ್ತೀನಿ, ಆ ತಿಂಗಳು ಆರು ವರ್ಷವಾಯಿತು ಇನ್ನೂ ಮುಗಿದಿಲ್ಲ, ಅವನು ಕೆ.ಆರ್. ಪೇಟೆಯಲ್ಲಿ ಇನ್ನೊಂದು ಮದುವೆಯಾದ, ನಾನು ಲಾರಿ ಬಿಟ್ಟೆ, ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರಾಕ್ಟರು ಹಿಡಿದೆ, ಸಂಜೆಗೆ ಮನೆ ಸೇರಬಹುದಲ್ಲ, ಹೆಣ್ಣು ನೋಡಲು ಹೋದ ಕಡೆ ಮಗೀನ ಯಾರ್ಗ್ ಬುಡ್ತೀಯಪ್ಪ ಎಂದರು, ಕೊಟ್ಟ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಕಿವಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ, ಶಾಸ್ತ್ರ ಮುಗಿದ ಮೇಲೆ ಅವಳನ್ನು ಅಪ್ಪ ಅಮ್ಮನ ಕೈಗೆ ಕೊಟ್ಟು ಎದ್ದು ಹೋಗಬೇಕಾದವನೂ ಅವನೇ, ಇವಳು ಕಿರುಚಿ ಕಿರುಚಿ ನನ್ನ ಅಂಗಿಯ ಗುಂಡಿ ಕಿತ್ತಳು, ಶಾಸ್ತ್ರ ಮುಗಿಯಿತು, ಕೊಡಲು ಎದುರಿಗೆ ಯಾರೂ ಇರಲಿಲ್ಲ, ನಾನು ಏಳಲೂ ಇಲ್ಲ. ಜಡೆಯ ಕಥೆ ಬೇರೆ — ಒಂದನೇ ಕ್ಲಾಸಿಗೆ ಹೋಗುವ ದಿನ ಕೂದಲು ಕಟ್ಟಿದೆ, ಕಟ್ಟಿದ್ದು ನನಗೆ ಗೊತ್ತಿದ್ದ ಒಂದೇ ಗಂಟು, ಕಬ್ಬಿನ ಲೋಡಿಗೆ ಹಾಕುವುದು, ಸಾಯಂಕಾಲ ಬಿಚ್ಚಲು ಹೋದರೆ ಬರಲೇ ಇಲ್ಲ, ಎಳೆದಷ್ಟೂ ಬಿಗಿ, ಮಗು ಅಳು, ಕೊನೆಗೆ ತಾಜಕ್ಕ ಕತ್ತರಿ ತಂದು ಟೇಪನ್ನೇ ಕತ್ತರಿಸಿ ಬೈದಳು, ಅಯ್ಯೋ ಭಾಯಿ, ಇದು ಮಗೂ ತಲೆ, ಕಬ್ಬಿನ ಲೋಡಲ್ಲ. ಆಕೆಯೇ ಹಳೇ ಸೀರೆಯ ಮೂರು ಪಟ್ಟಿ ಹರಿದು ಕಿಟಕಿಯ ಸರಳಿಗೆ ಕಟ್ಟಿ ಹೆಣೆಯಲು ಕಲಿಸಿದಳು, ಒಂದು ವಾರ ಕಿಟಕಿಗೇ ಜಡೆ ಹಾಕಿದೆ, ಈಗ ಗೌರಿಹಬ್ಬಕ್ಕೆ ಬೀದಿಯ ಹೆಣ್ಣುಮಕ್ಕಳು ನನ್ನ ಬಾಗಿಲಲ್ಲಿ ಸಾಲು, ಮಾವ ನಂಗೂ, ಮಾವ ನಂಗೂ, ಅವರ ಅಮ್ಮಂದಿರೇ ಕಳಿಸುತ್ತಾರೆ. ಲೋಡಿನ ಗಂಟನ್ನು ಮಾತ್ರ ಬಿಡಲಿಲ್ಲ, ಸ್ವಲ್ಪ ತಿದ್ದಿದೆ, ಉದ್ದ ತುದಿ ಎಳೆದರೆ ಬಿಗಿಯುತ್ತದೆ, ಗಿಡ್ಡ ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ, ಗುಟ್ಟು ನನಗೆ ಮತ್ತು ಅವಳಿಗೆ. ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ, ಅವಳು ಕೆಳಗಿನ ಮೆಟ್ಟಿಲಲ್ಲಿ ನನಗೆ ಬೆನ್ನು ಹಾಕಿ, ಹೆಣೆದು ಮುಗಿಯುವ ಹೊತ್ತಿಗೆ ತಿರುಗದೆ, ನೋಡದೆ, ಭುಜದ ಮೇಲಿಂದ ಕೈ ಹಿಂದಕ್ಕೆ ಚಾಚುತ್ತಾಳೆ, ಬೆರಳಲ್ಲಿ ಕೆಂಪು ಟೇಪು, ಹಿಂದೆ ನನ್ನ ಕೈ ಇದ್ದೇ ಇರುತ್ತದೆ ಎಂದು ಅವಳಿಗೆ ಗೊತ್ತು.

ಇವತ್ತೂ ಚಾಚಿದಳು, ಅದನ್ನು ಪಡಸಾಲೆಯಲ್ಲಿ ಕೂತು ಚಿಕ್ಕಬೋರಮ್ಮ ನೋಡಿದಳು, ನಿಂಗರಾಜುವಿನ ತಾಯಿ, ಆರು ವರ್ಷಕ್ಕೆ ಮೊದಲ ಸಲ ನಿನ್ನೆ ಬಸ್ಸಿಳಿದು ಬಂದವಳು, ಚೀಲದಲ್ಲಿ ಚಕ್ಕುಲಿ ಮತ್ತು ಹೊಸ ಲಂಗ, ಅಲ್ಲಿ ಎರಡನೆಯವಳಿಗೆ ಮಕ್ಕಳಾಗಿಲ್ಲ, ಮನೆ ಬಿಕೋ ಅಂತದೆ ಕಣಪ್ಪ, ನಮ್ಮನೆ ಕೂಸು ನಮ್ಮನೇಲಿರ್ಲಿ, ನಾಳೆ ಹನ್ನೊಂದರ ಬಸ್ಗೆ ಕರ್ಕಂಡೋಯ್ತೀನಿ ಎಂದಳು ರಾತ್ರಿ ಉಣ್ಣುತ್ತಾ, ನಾನು ಆಕೆಯ ತಟ್ಟೆಗೆ ಇನ್ನೊಂದು ಮುದ್ದೆ ಬಡಿಸಿದೆ. ಈಗ ಗಂಟೆ ಹತ್ತಾಗಿದೆ. ಬನ್ರವ್ವ ಟಿವಿ ನೋಡೀರಂತೆ ಎಂದು ತಾಜಕ್ಕ ಆಕೆಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದಾಗಲೇ ನನಗೆ ಅನುಮಾನ, ಹೋದ ವಾರ ಟಿವಿಯ ಹುಡುಗಿಯ ಅಜ್ಜಿ ರೈಲಿಳಿದಿದ್ದಳು, ಇವತ್ತು ತೀರ್ಮಾನ, ತಾಜಕ್ಕ ಸುಮ್ಮನೆ ಅವರೆಕಾಯಿ ಸುಲಿಯುವ ಹೆಂಗಸಲ್ಲ. ಅಗೋ ಅಜ್ಜಿ ಕೇಳುತ್ತಿದ್ದಾಳೆ, ಬಣ್ಣದವನು ತಲೆ ತಗ್ಗಿಸಿದ್ದಾನೆ, ಹುಡುಗಿ ಬಾಗಿಲ ಹಿಂದೆ, ಅವನು ಬಾಯಿ ಬಿಟ್ಟ — ಕರೆದುಕೊಂಡು ಹೋಗಿ ಎಂದ ಹಿಂದಿಯಲ್ಲಿ, ನನ್ನ ಕೈಲಾಗುವುದಿಲ್ಲ, ಹೆಣ್ಣುಮಗುವಿಗೆ ಹೆಣ್ಣಿನ ಕೈ ಬೇಕು ಎಂದ, ನನ್ನ ಕಿವಿಯಲ್ಲಿ ಕಾದ ಎಣ್ಣೆ. ತಾಜಕ್ಕ ಕಣ್ಣು ಮಿಟುಕಿಸಲಿಲ್ಲ, ಕಾಯಿ ಸುಲಿಯುವುದೂ ನಿಲ್ಲಲಿಲ್ಲ, ಕನ್ನಡದಲ್ಲಿ ಹೇಳಿದಳು, ಕೊಡಾಕಿಲ್ಲ ಅಂತಾವ್ನೆ, ಜೀವ ಹೋದ್ರೂ ಮಗೀನ ಕೊಡಾಕಿಲ್ಲ ಅಂತಾವ್ನೆ. ಭೇಷ್ ಕಣ್ಲಾ ಎಂದು ತಮ್ಮಯ್ಯ ತೊಡೆ ತಟ್ಟಿದ, ಹೆಂಗಸರು ಸೆರಗಿಗೆ ಮೂಗು ಒರೆಸಿಕೊಂಡರು, ಅಯ್ಯೋ ಸಾಕ್ದೋನ್ಗೇ ಗೊತ್ತು ಸಂಕ್ಟ ಎಂದು ಯಾರೋ, ಚಿಕ್ಕಬೋರಮ್ಮನ ಕಣ್ಣೂ ಒದ್ದೆ, ಆಯಿತು, ಗೆದ್ದೆ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ತಾಜಕ್ಕ ನನಗಾಗಿ ಸುಳ್ಳು ಹೇಳಿದ್ದಾಳೆ, ಎಂಥ ಅಕ್ಕ — ಆದರೆ ಚಪ್ಪಾಳೆ ಯಾರಿಗೆ, ಆ ಕೈಲಾಗದವನಿಗೆ, ಬಾಚಣಿಗೆ ಸಿಕ್ಕಿಸಿಕೊಂಡವನಿಗೆ, ಅವನ ಹೆಸರಿನ ಮರೆಯಲ್ಲಿ ನಾನು ನನ್ನ ಮಗುವನ್ನು ಉಳಿಸಿಕೊಳ್ಳಬೇಕೇ, ಚಿನ್ನು ದೊಡ್ಡವಳಾಗಿ ಹಿಂದಿ ಕಲಿತ ದಿನ ಏನೆಂದುಕೊಂಡಾಳು, ನನಗೆ ಅವನ ಶಿಫಾರಸು ಬೇಕಾಗಿಲ್ಲ. ಇಲ್ಲ ತಾಜಕ್ಕ, ಅಂದೆ, ಅಂದದ್ದು ನಾನೇ, ಅವ್ನು ಕರ್ಕಂಡೋಗಿ ಅಂದ, ಕೈಲಾಗಾಕಿಲ್ಲ ಅಂದ. ಎಲ್ಲ ತಲೆಗಳೂ ತಿರುಗಿದವು, ತಾಜಕ್ಕ ಅವರೆಕಾಯಿಯ ಮೊರವನ್ನೇ ನನ್ನ ಮೇಲೆ ಎಸೆಯುವವಳ ಹಾಗೆ ನೋಡಿದಳು, ಅರೆ ಭಾಯಿ, ನಿಮ್ಗೆ ಬುದ್ಧಿ ಇಲ್ವಾ. ನನ್ನ ಬಾಯಿ ನಿಲ್ಲಲಿಲ್ಲ, ಅವ್ನ್ ಕೈಲಾಗ್ದೆ ಇರ್ಬೋದು, ನನ್ ಕೈಲಾಯ್ತದೆ ಕಣವ್ವ, ಆರು ವರ್ಸ ಆಗದೆ, ನಾನು ಕೊಡಾಕಿಲ್ಲ.

ಟಿವಿ ತನ್ನ ಪಾಡಿಗೆ ಹಿಂದಿ ಮಾತಾಡುತ್ತಿದೆ, ಯಾರೂ ನೋಡುತ್ತಿಲ್ಲ. ಚಿಕ್ಕಬೋರಮ್ಮ ನಿಧಾನಕ್ಕೆ ತಿರುಗಿ ಕೂತಳು, ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಎಷ್ಟು ಸುಲಭ, ಸಾಕ್ದೆ ಕಣಪ್ಪ, ಚೆಂದಾಗೇ ಸಾಕ್ದೆ, ನಾಳೆ ದೊಡ್ಡೋಳಾಗ್ತಾಳೆ, ಹೆಣ್ಣಿನ್ ಕಷ್ಟ ಯಾರ್ತಾವ ಯೋಳ್ಕತ್ತಾಳೆ. ನನ್ನ ಹತ್ರ, ಎಂದಳು ತಾಜಕ್ಕ ಕಾಯಿಯಿಂದ ಕಣ್ಣೆತ್ತದೆ, ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಚಿಕ್ಕಬೋರಮ್ಮ ಬಾ ಕೂಸೇ ಎಂದು ಚಿನ್ನುವನ್ನು ಎಳೆದು ಮುಂದೆ ಕೂರಿಸಿಕೊಂಡಳು, ಜಡೆ ಬುಚ್ಚಿ ನಾನೇ ಇನ್ನೊಂದ್ಸಲ ಎಣೀತೀನಿ, ಊರ್ಗೋಗೋವಾಗ ಅಜ್ಜಿ ಜಡೆ ಇರ್ಲಿ, ಬೆರಳು ಟೇಪಿಗೆ ಹೋಯಿತು, ನನ್ನ ಎದೆಯಲ್ಲಿ ಲೋಡು ತುಂಬಿದ ಟ್ರಾಕ್ಟರು ದಿಣ್ಣೆ ಹತ್ತುತ್ತಿದೆ, ಎಳೆದಳು, ಉದ್ದ ತುದಿ, ಬಿಗಿಯಿತು, ಮತ್ತೆ ಎಳೆದಳು, ಇದೇನ್ ಗಂಟಪ್ಪ ಇದು, ಹಲ್ಲಲ್ಲಿ ಕಚ್ಚಿ ಬಿಗ್ದೀಯ, ಬಾಗಿ ಹಲ್ಲು ಹಾಕಿದಳು, ಹಲ್ಲಿಗೂ ಬರಲಿಲ್ಲ, ಯಾರೂ ನಗಲಿಲ್ಲ, ತಮ್ಮಯ್ಯ ಕೂಡ. ಹೇಳಿಬಿಡಲೇ, ಗಿಡ್ಡದು ಎಳಿಯವ್ವ ಎಂದು, ಹೇಳಲಾರೆ, ಅಷ್ಟೊಂದು ದೊಡ್ಡತನ ನನ್ನಲ್ಲಿಲ್ಲ. ಆಗ ಚಿನ್ನು ಕೈ ಹಿಂದೆ ತಂದಳು, ಗಿಡ್ಡ ತುದಿ ಹಿಡಿದು ಒಂದೇ ಸಲ ಎಳೆದಳು, ಟೇಪು ಬಿಚ್ಚಿಕೊಂಡು ಅವಳ ಬೆರಳಿಗೆ ಬಂತು, ಅಜ್ಜಿಯ ಕೈ ಗಾಳಿಯಲ್ಲೇ ಉಳಿಯಿತು, ಅಜ್ಜಿಯ ಮುಖ ನಾನು ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದೆ. ಚಿನ್ನು ಎದ್ದಳು, ಜನರ ಕಾಲು ದಾಟಿ ಬಂದಳು, ನನ್ನ ಕಡೆ ನೋಡಲೇ ಇಲ್ಲ, ದಿನಾ ಮೆಟ್ಟಿಲಲ್ಲಿ ಕೂರುವ ಹಾಗೆ ನನ್ನ ಕಾಲ ಬಳಿ ಬೆನ್ನು ಹಾಕಿ ಕೂತಳು, ಬಸ್ಸು, ಹನ್ನೊಂದು, ಕೆ.ಆರ್. ಪೇಟೆ, ಹೊಸ ಲಂಗ, ಎಲ್ಲ ಎಲ್ಲೋ ಹೋಯಿತು, ತಿರುಗದೆ, ನೋಡದೆ, ಭುಜದ ಮೇಲಿಂದ ಹಿಂದಕ್ಕೆ ಚಾಚಿದ ಕೈ, ಕೈಯಲ್ಲಿ ಕೆಂಪು ಟೇಪು, ಕೆಂಪು ಟೇಪು —